ಪೊಲ್ಟಾವಾದಲ್ಲಿ ಉಳಿದವರು

ಫೆಬ್ರವರಿ ಮುಗಿಯುವ ಹೊತ್ತಿಗೆ ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯುದ್ದಕ್ಕೂ ತಂಬಾಕಿನ ವಾಸನೆ. ಕೊನೆಯ ಹರಾಜಿಗೆ ಹೊರಟ ಬೇಲುಗಳನ್ನು ಹೇರಿಕೊಂಡು ಟ್ರ್ಯಾಕ್ಟರುಗಳು ತೆವಳುತ್ತಿರುತ್ತವೆ. ಬೆಲ್ಲದ ಪಾಕ ಸ್ವಲ್ಪ ಸೀದರೆ ಬರುವಂಥ ಸಿಹಿ, ಅದರ ಹಿಂದೆಯೇ ಗಂಟಲು ಕೆರೆಯುವ ಖಾರ. ಈ ಸೀಮೆಯವರಿಗೆ ಅದು ವರ್ಷದ ದುಡಿಮೆ ಮುಗಿಯಿತೆಂಬ ಸಮಾಧಾನದ ವಾಸನೆ. ನನಗೆ ಮಾತ್ರ ಈಗ ಕೆಲವು ವರ್ಷಗಳಿಂದ ಅದು ಫೋನು ಬರುವುದನ್ನು ಕಾಯುವ ವಾಸನೆ. ಮೊನ್ನೆ ಕಾಲೇಜಿಗೆ ಹೋಗುವಾಗ ನಮ್ಮ ಬಸ್ಸು ಅಂಥದೊಂದು ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡಿತು. ಕೈ ತಾನಾಗಿಯೇ ಬ್ಯಾಗಿನೊಳಗೆ ಹೋಗಿ ಫೋನನ್ನು ತಡಕಿತು. ಯಾರ ಕರೆಯೂ ಬರಬೇಕಾಗಿರಲಿಲ್ಲ. ಆದರೂ ಇಳಿಯುವ ತನಕ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕೂತಿದ್ದೆ.

ನಾನು ಹುಣಸೂರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವಳು. ಮನೆಯಿರುವುದು ಪಿರಿಯಾಪಟ್ಟಣದ ದಾರಿಯಿಂದ ಒಳಗೆ ಹೋದರೆ ಸಿಗುವ ಹಳ್ಳಿಯಲ್ಲಿ. ನಮ್ಮ ಮನೆಯವರು ಮಲ್ಲೇಶಪ್ಪ ಬೇಸಾಯಗಾರರು. ತಂಬಾಕು, ರಾಗಿ, ಮುಸುಕಿನ ಜೋಳ ಬೆಳೆಯುತ್ತಾರೆ. ಅತ್ತೆ ನಂಜಮ್ಮನವರು ನಮ್ಮ ಜೊತೆಗೇ ಇದ್ದಾರೆ. ನಮಗಿರುವುದು ಒಬ್ಬಳೇ ಮಗಳು, ಚೈತ್ರ. ಇಲ್ಲಿ ವೈದ್ಯಕೀಯ ಸೀಟು ಸಿಗಲಿಲ್ಲವೆಂದು ಯುಕ್ರೇನಿಗೆ ಓದಲು ಹೋದಳು. ಅವಳಿಗೆ ಸೀಟು ಸಿಕ್ಕಿದ ಊರು ಪೊಲ್ಟಾವಾ.

ಊರಿನ ಹೆಸರು ಕೇಳಿದಾಗ ಮನೆಯವರೆಲ್ಲ ನಾಲಿಗೆ ತಿರುಗಿಸಲು ಒದ್ದಾಡಿದರೆ ನನಗೆ ನಗು ಬಂದಿತ್ತು. ಪದವಿ ತರಗತಿಗೆ ಆಧುನಿಕ ಯುರೋಪಿನ ಇತಿಹಾಸ ಹೇಳುವಾಗ ಪ್ರತಿ ವರ್ಷವೂ ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಹೆಸರು ಅದು. ಮೂರು ಶತಮಾನಗಳ ಹಿಂದೆ ಸ್ವೀಡನ್ನಿನ ರಾಜ ಹನ್ನೆರಡನೆಯ ಚಾರ್ಲ್ಸ್, ಇನ್ನೂ ಮೀಸೆ ಬಲಿಯದ ವಯಸ್ಸಿನಲ್ಲೇ ಸುತ್ತಲ ರಾಜರನ್ನು ಸೋಲಿಸಿ ಹೆಸರು ಮಾಡಿದವನು, ರಷ್ಯಾದ ಪೀಟರನನ್ನು ಮುಗಿಸಿಬಿಡುತ್ತೇನೆಂದು ಸೈನ್ಯ ಕಟ್ಟಿಕೊಂಡು ಹೊರಟ. ದಾರಿಯಲ್ಲಿ ಯಾರೂ ಕಂಡು ಕೇಳರಿಯದಂಥ ಚಳಿಗಾಲ ಬಂತು. ಹಾರುತ್ತಿದ್ದ ಹಕ್ಕಿಗಳು ಮರಗಟ್ಟಿ ಬಿದ್ದವಂತೆ. ಸೈನಿಕರ ಬೆರಳುಗಳು ಉದುರಿದವಂತೆ. ಅಳಿದುಳಿದವರನ್ನು ಕಟ್ಟಿಕೊಂಡು ಅವನು ಬೇಸಿಗೆಯಲ್ಲಿ ಪೊಲ್ಟಾವಾ ಕೋಟೆಗೆ ಮುತ್ತಿಗೆ ಹಾಕಿದ. ಅಲ್ಲಿ ಪೀಟರ್ ಬಂದು ಎದುರು ನಿಂತ. ಕಾರಣಗಳು, ಯುದ್ಧದ ಗತಿ, ಪರಿಣಾಮಗಳು. ಸ್ವೀಡನ್ ಇಳಿಯಿತು, ರಷ್ಯಾ ಏರಿತು. ಅಲ್ಲಿಗೆ ಪಾಠ ಮುಗಿಯುತ್ತಿತ್ತು.

ಮಗಳು ಹೋದ ಮೊದಲ ವರ್ಷವೇ ಒಂದು ಭಾನುವಾರ ಆ ಕದನ ನಡೆದ ಬಯಲಿನಿಂದ ವಿಡಿಯೊ ಕರೆ ಮಾಡಿದಳು. ಊರಿನ ಹೊರಗೆ ಹಸಿರು ಬಯಲು, ಸತ್ತವರನ್ನು ಹೂತ ದಿಬ್ಬ, ಅದರ ಮೇಲೆ ಎತ್ತರದ ಶಿಲುಬೆ. "ನೋಡಮ್ಮ, ನಿನ್ನ ಹತ್ತು ಮಾರ್ಕಿನ ಪ್ರಶ್ನೆ ಇಲ್ಲೇ ಇರೋದು," ಎಂದು ಫೋನನ್ನು ಸುತ್ತಲೂ ತಿರುಗಿಸಿದಳು. ಪಕ್ಕದಲ್ಲಿ ಅವಳ ರೂಮಿನ ಗೆಳತಿ ಜಿನ್ಸಿ ಕೈ ಬೀಸುತ್ತಿದ್ದಳು. ಜಿನ್ಸಿ ಕೇರಳದ ಮಾನಂತವಾಡಿಯವಳು. ನಮ್ಮ ಪಕ್ಕದ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡು ದಾಟಿದರೆ ಅವಳ ಊರು. ಇಲ್ಲಿ ಕಾಡಿನ ಈಚೆಗೊಬ್ಬಳು ಆಚೆಗೊಬ್ಬಳು ಬೆಳೆದ ಹುಡುಗಿಯರು ಅಷ್ಟು ದೂರದಲ್ಲಿ ಒಂದೇ ಕೋಣೆಗೆ ಬಂದು ಬಿದ್ದಿದ್ದರು. ಅವಳ ತಾಯಿ ಲಿಸ್ಸಿ ಹಿಂದೆ ಹೆಗ್ಗಡದೇವನಕೋಟೆಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವರು, ಕನ್ನಡ ಬರುತ್ತಿತ್ತು. ಹಬ್ಬಕ್ಕೆ ಹುಣ್ಣಿಮೆಗೆ ನಾವಿಬ್ಬರೂ ಫೋನಿನಲ್ಲಿ ಮಾತಾಡುತ್ತಿದ್ದೆವು. ಮುಖ ನೋಡಿರಲಿಲ್ಲ.

ಚೈತ್ರ ಮೂರನೆಯ ವರ್ಷಕ್ಕೆ ಬಂದ ಚಳಿಗಾಲದಲ್ಲಿ ಯುದ್ಧದ ಮಾತು ಶುರುವಾಯಿತು. ಟಿವಿಯಲ್ಲಿ ದಿನವೂ ಗಡಿಗೆ ಬಂದು ನಿಂತ ರಷ್ಯಾದ ಟ್ಯಾಂಕುಗಳನ್ನು ತೋರಿಸುತ್ತಿದ್ದರು. ನಾನು ಫೋನು ಮಾಡಿದರೆ ಅವಳು ನಗುತ್ತಿದ್ದಳು. "ಇಲ್ಲಿ ಯಾರೂ ತಲೆ ಕೆಡಿಸ್ಕೊಂಡಿಲ್ಲಮ್ಮ. ಅಂಗಡಿ ತೆಗ್ದಿದೆ, ಬಸ್ ಓಡ್ತಿದೆ, ಕ್ಲಾಸ್ ನಡೀತಿದೆ. ಹಾಜರಿ ಕಮ್ಮಿಯಾದ್ರೆ ವರ್ಷ ಹೋಗುತ್ತೆ." ಆದರೂ ನಮ್ಮ ಮನೆಯವರು ಹಟ ಹಿಡಿದು ತಿಂಗಳ ಕೊನೆಗೆ ಟಿಕೆಟ್ ಮಾಡಿಸಿದರು. ಅಷ್ಟರಲ್ಲಿ ಜಿನ್ಸಿ ಹಾಸ್ಟೆಲಿನ ಮೆಟ್ಟಿಲ ಮೇಲೆ ಕಟ್ಟಿದ ಮಂಜಿನಲ್ಲಿ ಜಾರಿ ಬಿದ್ದು ಪಾದದ ಗಂಟಿನ ಮೂಳೆ ಮುರಿದುಕೊಂಡಳು. ಮೊಣಕಾಲಿನ ತನಕ ಪ್ಲಾಸ್ಟರ್ ಪಟ್ಟಿ ಹಾಕಿದರು.

ಚೈತ್ರಳ ವಿಮಾನಕ್ಕೆ ಇನ್ನೂ ಕೆಲವು ದಿನವಿರುವಾಗ ಒಂದು ಗುರುವಾರ ಬೆಳಿಗ್ಗೆ ನಾನು ಸ್ಟಾಫ್ ರೂಮಿನಲ್ಲಿ ಹಾಜರಿ ಪುಸ್ತಕ ತೆಗೆಯುತ್ತಿದ್ದೆ. ಕನ್ನಡ ವಿಭಾಗದ ಸಹೋದ್ಯೋಗಿಯೊಬ್ಬರು ಬಂದು ತಮ್ಮ ಫೋನನ್ನು ನನ್ನ ಮುಂದಿಟ್ಟರು. ಬಾಂಬು ಬೀಳಲು ಶುರುವಾಗಿತ್ತು. ವಿಮಾನ ನಿಲ್ದಾಣಗಳನ್ನೆಲ್ಲ ಮುಚ್ಚಿದ್ದರು. ನಾನು ಮಗಳಿಗೆ ಕರೆ ಮಾಡಿದೆ. ಅವಳ ದನಿಯ ಹಿಂದೆ ಸೈರನ್ ಕೂಗುತ್ತಿತ್ತು, ನಮ್ಮ ಊರಿನ ಹಳೆಯ ರೈಸ್ ಮಿಲ್ಲಿನ ಸೈರನ್ ತರಹವೇ. "ಅಮ್ಮ, ಬೇಸ್‌ಮೆಂಟಿಗೆ ಹೋಗಿ ಅಂತಿದ್ದಾರೆ. ಜಿನ್ಸೀನ ಎತ್ಕೊಂಡು ಇಳೀಬೇಕು. ಆಮೇಲೆ ಮಾಡ್ತೀನಿ," ಎಂದು ಇಟ್ಟುಬಿಟ್ಟಳು. ಆಮೇಲೆ ಎಂದರೆ ಸಂಜೆಯಾಯಿತು.

ಆ ದಿನಗಳಲ್ಲಿ ನಮ್ಮ ಮನೆಯ ಗಡಿಯಾರವೇ ಬದಲಾಯಿತು. ಇಲ್ಲಿ ಊಟದ ಹೊತ್ತೆಂದರೆ ಅಲ್ಲಿ ಬೆಳಗಿನ ಹೊತ್ತು; ಅವಳು ರಾತ್ರಿಯನ್ನು ಕಳೆದಳು ಎಂದು ಗೊತ್ತಾಗುವ ಹೊತ್ತು. ಅಲ್ಲಿಯ ತನಕ ಯಾರಿಗೂ ಊಟ ಸೇರುತ್ತಿರಲಿಲ್ಲ. ನಾನು ಭೂಪಟ ನೋಡಿ ನೋಡಿ ಅದರ ಗೆರೆಗಳೆಲ್ಲ ಕಣ್ಣಿಗೆ ಅಂಟಿಕೊಂಡಿದ್ದವು. ಭಾರಿ ದಾಳಿ ನಡೆಯುತ್ತಿದ್ದ ಖಾರ್ಕಿವ್ ನಗರ ಪೊಲ್ಟಾವಾಕ್ಕೆ ನಮ್ಮ ಹುಣಸೂರಿಗೆ ಬೆಂಗಳೂರು ಇರುವಷ್ಟು ದೂರವೂ ಇರಲಿಲ್ಲ. ನಮ್ಮ ಮನೆಯವರು ಹೊಲಕ್ಕೆ ಹೋಗುವುದನ್ನು ಬಿಡಲಿಲ್ಲ. ತಂಬಾಕಿನ ಸಸಿ ಮಡಿ ಮಾಡುವ ಕಾಲ. ಮಡಿಗೆ ಬೀಜ ಚೆಲ್ಲಿ ನೀರು ಹಾಕುತ್ತ ನಿಂತರೆ ನಿಂತೇ ಇರುತ್ತಿದ್ದರು. ತಂಬಾಕಿನ ಬೀಜ ಧೂಳಿನಷ್ಟು ಸಣ್ಣದು. ಒಂದು ದಿನ ನಾನು ಹೋಗಿ ನೋಡಿದರೆ ಅವರು ಹುಯ್ದ ನೀರಿಗೆ ಬೀಜವೆಲ್ಲ ಕೊಚ್ಚಿಕೊಂಡು ಒಂದು ಮೂಲೆಗೆ ಸೇರಿತ್ತು. ಅವರಿಗೆ ಅದರ ಪರಿವೆಯೇ ಇರಲಿಲ್ಲ.

ಶಿವರಾತ್ರಿ ಬಂತು. ಅತ್ತೆ ಉಪವಾಸವಿದ್ದು ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ಕೂತವರು ಬೇಗ ಏಳಲಿಲ್ಲ. ಅವತ್ತೇ ಮಧ್ಯಾಹ್ನ ಖಾರ್ಕಿವ್‌ನಲ್ಲಿ ನಮ್ಮ ರಾಜ್ಯದ ವಿದ್ಯಾರ್ಥಿಯೊಬ್ಬ ದಾಳಿಗೆ ಸಿಕ್ಕಿ ತೀರಿಕೊಂಡ ಸುದ್ದಿ ಬಂತು. ಟಿವಿಯಲ್ಲಿ ಆ ಮನೆಯ ಮುಂದಿನ ಜನರನ್ನು ತೋರಿಸಿದರು. ನಮ್ಮ ಮನೆಯವರು ಎದ್ದು ಟಿವಿಯ ವಯರನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡು ನಿಂತರು. ಎಲ್ಲಿಡಬೇಕೆಂದು ಅವರಿಗೆ ತೋಚಲಿಲ್ಲ.

ಪೊಲ್ಟಾವಾದಲ್ಲಿ ಓದುತ್ತಿದ್ದ ಹುಡುಗರು ಒಂದೊಂದು ಗುಂಪಾಗಿ ಪಶ್ಚಿಮದ ಗಡಿಯ ಕಡೆಗೆ ಹೊರಡುತ್ತಿದ್ದರು. ಚೈತ್ರಳ ಹಾಸ್ಟೆಲಿನವರಿಗೂ ಒಂದು ಬಸ್ಸು ಗೊತ್ತಾಯಿತು. ಸೀಟಿಗಿಂತ ಜನ ಹೆಚ್ಚು. ಎಲ್ಲರೂ ಒತ್ತಿಕೊಂಡು, ನಿಂತು ಹೋಗಬೇಕು. ಗಡಿಯ ಹತ್ತಿರ ಬಸ್ಸು ನಿಲ್ಲಿಸಿದ ಮೇಲೆ ಹಿಮದಲ್ಲಿ ಮೈಲಿಗಟ್ಟಲೆ ನಡೆಯಬೇಕು. ಕಾಲಿಗೆ ಪಟ್ಟಿ ಕಟ್ಟಿದ ಹುಡುಗಿಯನ್ನು ಹತ್ತಿಸಿಕೊಳ್ಳುವುದಿಲ್ಲ ಎಂದು ಬಸ್ಸಿನವನು ಖಡಾಖಂಡಿತ ಹೇಳಿಬಿಟ್ಟ. ಚೈತ್ರ ಹೊರಟಳು ಎಂದು ನಾವು ಅಂದುಕೊಂಡಿದ್ದೆವು. ಮಾರನೆಯ ದಿನ ಕರೆ ಬಂದಾಗ ಹಿಂದೆ ಕಂಡದ್ದು ಅದೇ ನೆಲಮಾಳಿಗೆಯ ಗೋಡೆ.

"ಹೋಗ್ಲಿಲ್ವಾ?" ಎಂದೆ.

"ಇಲ್ಲಮ್ಮ. ಜಿನ್ಸಿ ಒಬ್ಳೇ ಆಗ್ತಾಳೆ."

ನಮ್ಮ ಮನೆಯವರು ಫೋನು ಕಿತ್ತುಕೊಂಡರು. "ಏನ್ ಕೂಸೇ ನಿಂಗೆ ಬುದ್ಧಿ ಗಿದ್ಧಿ ಅದಾ ಇಲ್ವಾ? ಅವ್ಳನ್ನ ನೋಡ್ಕೊಳಕೆ ಅಲ್ಲೇ ಆಸ್ಪತ್ರೆ ಅದೆ, ಸರ್ಕಾರ ಅದೆ. ನೀನ್ಯಾಕೆ ಸಾಯ್ತೀಯಾ ಅಲ್ಲಿ? ಬುಟ್ಟು ಬಾ, ಸಿಕ್ಕಿದ್ ಬಸ್ ಅತ್ಕೊಂಡು ಬಾ."

"ಆಗಲ್ಲ ಅಪ್ಪ."

"ಆಗಲ್ಲ ಅಂದ್ರೆ? ಇಲ್ಲಿ ನಿಮ್ಮವ್ವ ಉಣ್ತಿಲ್ಲ, ನಿಮ್ಮಜ್ಜಿ ಉಣ್ತಿಲ್ಲ..."

ಚಾರ್ಜ್ ಉಳಿಸಬೇಕು, ಇಡ್ತೀನಿ ಎಂದು ಇಟ್ಟಳು. ಅವರು ಫೋನನ್ನು ನನ್ನ ಕೈಗೆ ಕೊಟ್ಟು ಜಗಲಿಯ ಮೇಲೆ ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ನಾನಾದರೂ ಏನು ಹೇಳಲಿ? ಬಾ ಎಂದು ಕಿರುಚಬೇಕೆನಿಸುತ್ತಿತ್ತು. ಕಾಲು ಮುರಿದುಕೊಂಡು ಆ ನೆಲಮಾಳಿಗೆಯಲ್ಲಿ ಬಿದ್ದಿರುವವಳು ಚೈತ್ರಳೇ ಆಗಿದ್ದಿದ್ದರೆ ಎಂಬ ಯೋಚನೆ ಬಂದು ಬಾಯಿ ಕಟ್ಟುತ್ತಿತ್ತು.

ಅದರ ಮರುದಿನ ಹೊತ್ತು ನೆತ್ತಿಗೇರುವಾಗ ನಮ್ಮ ಮನೆಯ ಮುಂದೆ ಆಟೋ ನಿಂತಿತು. ಕೈಯಲ್ಲೊಂದು ಬಟ್ಟೆಯ ಚೀಲ ಹಿಡಿದು, ಕಡುಬಣ್ಣದ ಸೀರೆ ಉಟ್ಟ ಹೆಂಗಸೊಬ್ಬರು ಇಳಿದರು. ನೋಡಿದ ಕೂಡಲೇ ಗೊತ್ತಾಯಿತು, ಮಗಳಿಗೂ ತಾಯಿಗೂ ಒಂದೇ ಮುಖ. ಲಿಸ್ಸಿ ಬೆಳಗಿನ ಮೊದಲ ಬಸ್ಸಿಗೆ ಬಾವಲಿಯಲ್ಲಿ ಕೇರಳದ ಗಡಿ ದಾಟಿ, ಹೆಗ್ಗಡದೇವನಕೋಟೆಯಲ್ಲಿ ಬಸ್ಸು ಬದಲಿಸಿ ಬಂದಿದ್ದರು. ನಮ್ಮ ಮನೆಯವರು ಜಗಲಿಯಿಂದ ಏಳಲಿಲ್ಲ. ಅವರ ದವಡೆ ಬಿಗಿದಿತ್ತು. ಈ ಹೆಂಗಸು ಜಿನ್ಸಿಯನ್ನು ಬಿಟ್ಟು ಬಾ ಎಂದು ಚೈತ್ರಳಿಗೆ ಹೇಳಬೇಡಿರೆಂದು ಕೇಳಿಕೊಳ್ಳಲು ಬಂದಿದ್ದಾರೆ, ಇವರು ಏನಾದರೂ ಅಂದುಬಿಡುತ್ತಾರೆ ಎಂದುಕೊಂಡೆ.

ಲಿಸ್ಸಿ ನೀರು ಕೂಡ ಕುಡಿಯಲಿಲ್ಲ. ನಿಂತೇ ಹೇಳಿದರು. "ಟೀಚರ್, ಫೋನಲ್ಲಿ ಹೇಳಿದ್ರೆ ನೀವು ನಂಬ್ತೀರೋ ಇಲ್ವೋ ಅಂತ ಬಂದೆ. ಚೈತ್ರ ಬರಲಿ. ಜಿನ್ಸಿಗೋಸ್ಕರ ಅವಳು ಅಲ್ಲಿ ನಿಲ್ಲೋದು ಬೇಡ. ನಾನು ಜಿನ್ಸಿಗೂ ಹೇಳಿದ್ದೀನಿ, ಅವಳನ್ನ ಕಳಿಸು ಅಂತ. ನನ್ನ ಮಗಳ ಕಾಲು ಮುರಿದದ್ದಕ್ಕೆ ನಿಮ್ಮ ಮಗಳ ಕಾಲು ಕಟ್ಟೋದು ನ್ಯಾಯ ಅಲ್ಲ."

ಆಸ್ಪತ್ರೆಯಲ್ಲಿ ರೋಗಿಯ ಕಡೆಯವರಿಗೆ ವಿಷಯ ತಿಳಿಸುವವರಂತೆ ಒಂದೊಂದೇ ಮಾತನ್ನು ತೂಗಿ ಹೇಳಿದರು. ಹೇಳಿ ಮುಗಿದ ಮೇಲೆ ಮಾತ್ರ ಕಂಬಕ್ಕೆ ಕೈ ಕೊಟ್ಟರು. ನಮ್ಮ ಮನೆಯವರು ಎದ್ದು ನಿಂತರು. ಅವರು ಅಂದಿನ ತನಕ ಸಿದ್ಧ ಮಾಡಿಟ್ಟುಕೊಂಡಿದ್ದ ಮಾತೆಲ್ಲ ಆ ಹೆಂಗಸಿನ ಬಾಯಿಂದಲೇ ಬಂದುಬಿಟ್ಟಿತ್ತು. "ಕುಂತ್ಕಳಿ ಅಕ್ಕಾ, ಮೊದ್ಲು ಕುಂತ್ಕಳಿ," ಎಂದರು.

ಮಧ್ಯಾಹ್ನ ಚೈತ್ರಳ ಕರೆ ಬಂದಾಗ ಎಲ್ಲರೂ ಒಂದೇ ಫೋನಿನ ಮುಂದೆ ಕೂತೆವು. ಲಿಸ್ಸಿ ಹೇಳಿದರು, ನಾನು ಹೇಳಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು, "ಆಂಟಿ, ನೀವು ಅಮ್ಮನ ಜೊತೆಗೇ ಇರಿ. ನಾವಿಬ್ರೂ ಒಟ್ಟಿಗೆ ಬರ್ತೀವಿ," ಎಂದಳು. ಅತ್ತೆ ಫೋನಿನ ಹತ್ತಿರ ಮುಖ ತಂದು, "ಮೊಗಾ, ಉಂಡ್ಯಾ?" ಎಂದರು. ಬ್ರೆಡ್ ತಿಂದೆ ಅಜ್ಜಿ ಎಂದಳು. ಆ ದಿನಗಳಲ್ಲಿ ಅತ್ತೆ ಅವಳನ್ನು ಕೇಳಿದ್ದು ಅದೊಂದೇ ಪ್ರಶ್ನೆ. ಬಾ ಎಂದಾಗಲಿ ಬೇಡ ಎಂದಾಗಲಿ ಒಂದು ಸಲವೂ ಹೇಳಲಿಲ್ಲ.

ಲಿಸ್ಸಿ ನಮ್ಮಲ್ಲೇ ಉಳಿದರು. ಅವರ ಮನೆಯಲ್ಲಿ ಕಾಯುವವರು ಬೇರೆ ಯಾರೂ ಇರಲಿಲ್ಲ. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಮೊದಲ ದಿನ ಅವರು ಪಾತ್ರೆ ತೊಳೆಯಲು ಅಡುಗೆಮನೆಯ ಹೊಸ್ತಿಲ ತನಕ ಬಂದರೆ ಅತ್ತೆ, "ಒಳಿಕ್ ಬರದು ಬ್ಯಾಡ ಕಣವ್ವ, ನೀನಲ್ಲೇ ಕುಂತ್ಕೊ," ಎಂದರು. ನನಗೆ ನಾಚಿಕೆಯಾಯಿತು. ಲಿಸ್ಸಿ ತಲೆಯಾಡಿಸಿ ಹಜಾರಕ್ಕೆ ಹೋಗಿ ಕೂತರು. ನಾನು ಆಮೇಲೆ ಅತ್ತೆಯ ಮೇಲೆ ರೇಗಿದೆ. "ನಮ್ ಮನೆ ಪದ್ಧತಿ ನಂಗೊತ್ತು, ನೀನೇಳ್ಕೊಡ್ಬ್ಯಾಡ," ಎಂದು ಅವರೂ ರೇಗಿದರು. ನಮ್ಮ ಭಯಕ್ಕೆ ಜಗಳಗಳು ಹೀಗೆ ಸಣ್ಣಪುಟ್ಟ ದಾರಿ ಹುಡುಕಿಕೊಳ್ಳುತ್ತಿದ್ದವು.

ಅಷ್ಟರಲ್ಲಿ ಒಂದು ಸುದ್ದಿ ಬಂತು. ಸುಮಿ ಎಂಬ ಊರಿನಲ್ಲಿ ಮುತ್ತಿಗೆಯ ನಡುವೆ ಸಿಕ್ಕಿಬಿದ್ದಿದ್ದ ನೂರಾರು ಭಾರತೀಯ ವಿದ್ಯಾರ್ಥಿಗಳನ್ನು ಬಸ್ಸುಗಳಲ್ಲಿ ಪೊಲ್ಟಾವಾಕ್ಕೆ ಕರೆತಂದು, ಅಲ್ಲಿಂದ ರೈಲು ಹತ್ತಿಸುತ್ತಾರಂತೆ. ಆ ರೈಲಿನಲ್ಲಿ ಜಾಗ ಕೊಡಿಸಲು ಚೈತ್ರ ಕಂಡ ಕಂಡ ಅಧಿಕಾರಿಗಳಿಗೆ ಫೋನು ಮಾಡಿದ್ದಳು. ಮಂಗಳವಾರ ಸಂಜೆ ಅವಳ ಸಂದೇಶ ಬಂತು: "ರೈಲಿಗೆ ಹೋಗ್ತಿದ್ದೀವಿ. ದಾರಿಯಲ್ಲಿ ಫೋನ್ ಆಫ್ ಮಾಡಿ ಅಂದಿದ್ದಾರೆ. ಹೆದರಬೇಡಿ." ಅಷ್ಟೇ. ಜಿನ್ಸಿಯನ್ನು ಹತ್ತಿಸಿಕೊಂಡರೋ ಇಲ್ಲವೋ, ಅದರಲ್ಲಿ ಇರಲಿಲ್ಲ. ನಾವು ತಿರುಗಿ ಕರೆದರೆ ಫೋನು ಸತ್ತಿತ್ತು.

ಮಾರನೆಯ ದಿನ ನಾನು ಕಾಲೇಜಿಗೆ ಹೋದೆ. ಮನೆಯಲ್ಲಿದ್ದರೆ ಹುಚ್ಚು ಹಿಡಿಯುತ್ತದೆ ಎನಿಸಿತ್ತು. ಅಂತಿಮ ವರ್ಷದವರಿಗೆ ಪಾಠ ಸರದಿಯಂತೆ ಬಂದು ನಿಂತಿದ್ದೂ ಅಲ್ಲಿಗೇ. ಬೇರೆ ಅಧ್ಯಾಯ ತೆಗೆದುಕೊಳ್ಳಬಹುದಿತ್ತು, ತೆಗೆದುಕೊಳ್ಳಲಿಲ್ಲ. ಬೋರ್ಡಿನ ಮೇಲೆ ಪೊಲ್ಟಾವಾ ಎಂದು ಬರೆದೆ. ತರಗತಿಯಲ್ಲಿ ಪಿಸುಮಾತು ನಿಂತುಹೋಯಿತು. ಎಲ್ಲರಿಗೂ ನನ್ನ ಮಗಳ ವಿಷಯ ಗೊತ್ತಿತ್ತು.

ಆ ದಿನ ನಾನು ಕಾರಣಗಳು, ಪರಿಣಾಮಗಳು ಎಂದು ಹೇಳಲಿಲ್ಲ. ನಡೆದದ್ದನ್ನು ಹೇಳಿದೆ. ಕದನಕ್ಕೆ ಕೆಲವು ದಿನ ಮೊದಲು ಚಾರ್ಲ್ಸ್ ರಾಜನ ಪಾದಕ್ಕೆ ಗುಂಡು ತಗುಲಿ ಅವನು ನಡೆಯಲಾರದೆ ಹೋದದ್ದು. ಡೋಲಿಯಲ್ಲಿ ಮಲಗಿಕೊಂಡೇ ಯುದ್ಧಕ್ಕೆ ಬಂದದ್ದು. ಗುಂಡು ಬಡಿದು ಡೋಲಿ ಚೂರಾಗಿ ಹೊತ್ತವರು ಸತ್ತದ್ದು. ಬೆಳಕು ಹರಿಯುವ ಮೊದಲೇ ಸ್ವೀಡನ್ನಿನವರು ರಷ್ಯನ್ನರ ಮಣ್ಣಿನ ಕೋಟೆಗಳ ಸಾಲನ್ನು ದಾಟಲು ನುಗ್ಗಿದರು. ಮುಂದೆ ಹೋದ ದಂಡು ದಾಟಿಬಿಟ್ಟಿತು. ಹಿಂದಿನ ಒಂದು ದಂಡಿಗೆ ಅಪ್ಪಣೆ ಸರಿಯಾಗಿ ಮುಟ್ಟಿರಲಿಲ್ಲ. ಅವರು ಒಂದೊಂದೇ ಕೋಟೆಗೆ ತಲೆ ಚಚ್ಚಿಕೊಳ್ಳುತ್ತ ಅಲ್ಲೇ ಉಳಿದರು. ಅವರೆಲ್ಲಿದ್ದಾರೆಂದು ಮುಂದಿನವರಿಗೆ ಗೊತ್ತಿಲ್ಲ, ಮುಂದಿನವರು ಯಾವ ದಾರಿ ಹಿಡಿದರೆಂದು ಇವರಿಗೆ ಗೊತ್ತಿಲ್ಲ. ಹುಡುಕಿಕೊಂಡು ಬರಲು ಕಳಿಸಿದವರೂ ಮುಟ್ಟಲಿಲ್ಲ. ಹೊತ್ತೇರುವುದರೊಳಗೆ ಎಲ್ಲ ಮುಗಿಯಿತು. ಸೋತವರು ದಕ್ಷಿಣಕ್ಕೆ ಓಡಿ ದೊಡ್ಡ ನದಿಯ ದಡಕ್ಕೆ ಬಂದು ನಿಂತರು. ದೋಣಿಗಳು ಬೆರಳೆಣಿಕೆಯಷ್ಟು. ರಾಜನನ್ನೂ ಅವನ ಜೊತೆಗಿನ ಸ್ವಲ್ಪ ಜನರನ್ನೂ ದಾಟಿಸಿದರು. ಮಿಕ್ಕ ಸೈನ್ಯ ದಡದಲ್ಲೇ ಉಳಿದು ಆಯುಧ ಕೆಳಗಿಟ್ಟಿತು.

ಮುಂದಿನ ಬೆಂಚಿನಲ್ಲಿ ಹಂಪಾಪುರದ ಕಡೆಯ ಶಿಲ್ಪ ಎಂಬ ಹುಡುಗಿ ಕೂತಿದ್ದಳು. ಪ್ರಶ್ನೆ ಕೇಳುವವಳಲ್ಲ. ಅವತ್ತು ಕೇಳಿದಳು. "ಮಿಸ್, ಹೊಳೆ ಈಚೆ ಉಳುದ್ರಲ್ಲಾ, ಅವ್ರೆಲ್ಲ ಮನೆಗೆ ಹೋದ್ರಾ?"

ಇಷ್ಟು ವರ್ಷ ಪಾಠ ಮಾಡಿದ್ದರೂ ಯಾರೂ ಅದನ್ನು ಕೇಳಿರಲಿಲ್ಲ. ಪರೀಕ್ಷೆಗೆ ಬರುವ ವಿಷಯವಲ್ಲ ಅದು. "ಅವರನ್ನು ಸೈಬೀರಿಯಾಕ್ಕೆ ಕಳಿಸಿದರು," ಎಂದೆ. "ಅಲ್ಲಿ ಅವರು ಮರಗೆಲಸ ಮಾಡಿದರು, ಮಕ್ಕಳಿಗೆ ಪಾಠ ಹೇಳಿಕೊಟ್ಟರು, ಹೇಗೋ ಬದುಕಿದರು. ಸಂಧಾನ ಆಗೋ ಹೊತ್ತಿಗೆ ವರ್ಷಗಳೇ ಕಳೆದಿದ್ದವು. ಕೆಲವರು ಮನೆಗೆ ಹೋದರು." ಬಹಳ ಜನ ಹೋಗಲಿಲ್ಲ ಎಂದು ಸೇರಿಸಬೇಕಾಗಿತ್ತು. ಬಾಯಿಗೆ ಬರಲಿಲ್ಲ. ಸೀಮೆಸುಣ್ಣ ಹಿಡಿದು ಬೋರ್ಡಿನ ಕಡೆ ತಿರುಗಿ ನಿಂತೆ. ಬರೆಯಲು ಏನೂ ಇರಲಿಲ್ಲ. ಹಿಂದಿನಿಂದ ಶಿಲ್ಪಳ ದನಿಯೇ ಕೇಳಿಸಿತು. "ಇವತ್ತಿಗೆ ಸಾಕು ಮಿಸ್. ನೀವ್ ಮನೆಗೋಗಿ. ನಾವ್ ಗಲಾಟೆ ಮಾಡಲ್ಲ." ನಾನು ಹೊರಗೆ ಬಂದು ಕಾರಿಡಾರ್ ದಾಟುವ ತನಕವೂ ಆ ತರಗತಿಯಿಂದ ಒಂದು ಸದ್ದೂ ಬರಲಿಲ್ಲ.

ಮನೆಗೆ ಬಂದು ನೋಡಿದರೆ ಅಡುಗೆಮನೆಯ ನೆಲದ ಮೇಲೆ ಗೋಣಿತಾಟು ಹಾಸಿ ಅತ್ತೆಯೂ ಲಿಸ್ಸಿಯೂ ಎದುರುಬದುರು ಕೂತಿದ್ದರು. ನಡುವೆ ಸೊಗಡು ಬಿಡುತ್ತಿದ್ದ ಅವರೆಕಾಯಿಯ ರಾಶಿ. ಕೊನೆಯ ಕಾಯಿ, ಅರ್ಧ ಬಲಿತಿದ್ದವು. ಲಿಸ್ಸಿ ಕಣ್ಣು ಒರೆಸಿಕೊಳ್ಳುತ್ತ ಸುಲಿಯುತ್ತಿದ್ದರು. ನಾನು ಬಾಗಿಲಲ್ಲಿ ನಿಂತದ್ದನ್ನು ನೋಡಿ ಅತ್ತೆ, "ನಾನೇ ಕರ್ದೆ ಕಣ್ ಗೌರಿ. ಕೈ ಸುಮ್ನಿದ್ರೆ ತಲೆ ಕೆಡ್ತದೆ. ನೀನೂ ಕುಂತ್ಕೊ," ಎಂದರು. ಪದ್ಧತಿಯ ಮಾತು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ನಾವು ಮೂವರೂ ಸುಲಿದೆವು. ಯಾರ ಫೋನು ಟಿಂಗ್ ಎಂದರೂ ಎಲ್ಲರ ಕೈ ನಿಲ್ಲುತ್ತಿತ್ತು. ಒಂದು ಸಲ ಅದು ಗ್ಯಾಸ್ ಬುಕಿಂಗಿನ ಸಂದೇಶ, ಇನ್ನೊಂದು ಸಲ ಯಾರೋ ನೆಂಟರು ಕಳಿಸಿದ ಹೂವಿನ ಚಿತ್ರ.

ಆ ದಿನ ಕಳೆದು ಮಾರನೆಯ ದಿನವೂ ಮಧ್ಯಾಹ್ನವಾಯಿತು. ರೈಲು ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಬೇಕು, ದಾರಿಯಲ್ಲಿ ದೀಪ ಆರಿಸಿ ನಿಲ್ಲಿಸುತ್ತಾರೆ, ಪರದೆ ಇಳಿಸುತ್ತಾರೆ ಎಂದೆಲ್ಲ ಟಿವಿಯಲ್ಲಿ ಹೇಳುತ್ತಿದ್ದರು. ಲಿಸ್ಸಿ ಜಪಸರ ಹಿಡಿದು ತುಟಿ ಆಡಿಸುತ್ತಿದ್ದರು. ಇದ್ದಕ್ಕಿದ್ದಂತೆ ಅವರ ಫೋನು ಅಲ್ಲ, ನನ್ನದೂ ಅಲ್ಲ, ನಮ್ಮ ಮನೆಯವರ ಹಳೆಯ ಬಟನ್ ಫೋನು ಬಡಿದುಕೊಂಡಿತು. ಅವರು ಹೊಲದಲ್ಲಿದ್ದರು, ಫೋನು ಗೂಡಿನಲ್ಲಿತ್ತು. ಯಾವುದೋ ಉದ್ದನೆಯ ವಿದೇಶದ ನಂಬರು. ನಾನು ಎತ್ತಿದೆ.

"ಅಪ್ಪ?" ಎಂದಳು.

"ನಾನು ಕಣೇ."

"ಅಮ್ಮ, ಪೋಲೆಂಡ್. ಇಬ್ರೂ. ಯಾರ್ದೋ ಫೋನು, ಇಡ್ತೀನಿ."

ಇಬ್ಬರೂ ಎಂಬ ಮಾತನ್ನು ನಾನು ಗಟ್ಟಿಯಾಗಿ ಹೇಳಿದೆನೋ ಮುಖದಲ್ಲೇ ಕಂಡಿತೋ, ಲಿಸ್ಸಿ ಇದ್ದಲ್ಲೇ ಕುಸಿದು ಕೂತರು. ಅತ್ತೆ ಅವರ ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಬೆನ್ನು ಸವರಿದರು. ನಾನು ಹೊಲಕ್ಕೆ ಓಡಿದೆ. ಚಪ್ಪಲಿ ಹಾಕಿಕೊಂಡಿರಲಿಲ್ಲ ಎಂಬುದು ಕೂಳೆ ಚುಚ್ಚಿದಾಗ ಗೊತ್ತಾಯಿತು. ದೂರದಿಂದ ನನ್ನನ್ನು ಕಂಡು ನಮ್ಮ ಮನೆಯವರು ಮಡಿಯ ಬದಿಯಲ್ಲಿ ಹಾಗೇ ನಿಂತುಬಿಟ್ಟರು. ಓಡಿ ಬರುತ್ತಿರುವವಳು ಯಾವ ಸುದ್ದಿ ತರುತ್ತಿದ್ದಾಳೆಂದು ಅವರಿಗೆ ಹೇಗೆ ಗೊತ್ತಾಗಬೇಕು? ಹತ್ತಿರ ಹೋಗುವ ತನಕ ಅವರ ಮುಖದಲ್ಲಿದ್ದದ್ದನ್ನು ನಾನು ಇಂದಿಗೂ ಮರೆತಿಲ್ಲ.

ಮಕ್ಕಳು ದೆಹಲಿಗೆ ಬಂದು ಬೆಂಗಳೂರಿಗೆ ಬಂದಿಳಿದ ದಿನ ನಾವೆಲ್ಲ ಹೋಗಿದ್ದೆವು. ಜಿನ್ಸಿಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಚೈತ್ರ ಹೊರಗೆ ಬಂದಳು. ಇಬ್ಬರ ಮೈಮೇಲೂ ಯಾರೋ ಕೊಟ್ಟ ದೊಗಳೆ ಕೋಟು. ಸುಮಿಯಿಂದ ಬಂದ ಹುಡುಗರು ಸರದಿಯ ಮೇಲೆ ಜಿನ್ಸಿಯನ್ನು ಕಂಬಳಿಯಲ್ಲಿ ಹೊತ್ತು ರೈಲು ಹತ್ತಿಸಿ ಇಳಿಸಿದರಂತೆ. ಕಾರಿಗೆ ಹತ್ತಿಸುವಾಗ ನಮ್ಮ ಮನೆಯವರು ಮುಂದೆ ಬಂದು, "ಬಾ ಕೂಸು," ಎಂದು ಆ ಹುಡುಗಿಯನ್ನು ಎರಡೂ ಕೈಯಲ್ಲಿ ಎತ್ತಿ ಸೀಟಿನ ಮೇಲೆ ಕೂರಿಸಿದರು. ಮಗಳನ್ನು ಆಮೇಲೆ ಮಾತಾಡಿಸಿದರು.

ಚೈತ್ರ ಉಳಿದ ಓದನ್ನು ಜಾರ್ಜಿಯಾದಲ್ಲಿ ಮುಗಿಸಿ ಬಂದು ಈಗ ಮೈಸೂರಿನ ಆಸ್ಪತ್ರೆಯೊಂದರಲ್ಲಿ ತರಬೇತಿ ಮಾಡುತ್ತಿದ್ದಾಳೆ. ಜಿನ್ಸಿಯ ಮೂಳೆ ಆ ದಿನಗಳ ಅಲುಗಾಟದಲ್ಲಿ ಸರಿಯಾಗಿ ಕೂಡಿಕೊಳ್ಳಲಿಲ್ಲ. ನಡಿಗೆಯಲ್ಲಿ ಒಂದಿಷ್ಟು ಕುಂಟು ಉಳಿದಿದೆ. ಮಗಳು ಆ ದಿನಗಳ ಬಗ್ಗೆ ಮಾತಾಡುವವಳಲ್ಲ. ನಾವೂ ಕೆದಕಿರಲಿಲ್ಲ. ಆದರೆ ಯಾರಾದರೂ ಮನೆಗೆ ಬಂದಾಗ ನಮ್ಮ ಮನೆಯವರು ಹೆಮ್ಮೆಯಿಂದ, "ಬಸ್ಸು ಬಂದ್ರೂವೆ ಅತ್ತಲಿಲ್ಲ ನಮ್ಮುಡ್ಗಿ, ಕಾಲು ಮುರ್ದಿರೋಳ್ನ ಬುಟ್ಟು ಬರಲ್ಲ ಅಂದ್ಬುಟ್ಲು," ಎಂದು ಹೇಳುವುದುಂಟು. ಹಾಗೆ ಹೇಳಿದಾಗಲೆಲ್ಲ ಅವಳು ಎದ್ದು ಒಳಗೆ ಹೋಗುತ್ತಾಳೆ.

ಹೋದ ತಿಂಗಳು ರಜೆಗೆ ಬಂದಿದ್ದಳು. ಬೆಳಿಗ್ಗೆ ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದೆವು. ನಿಮ್ಮಪ್ಪ ಹೊಗಳಿದರೆ ಯಾಕೆ ಎದ್ದು ಹೋಗುತ್ತೀಯೆ ಎಂದು ಕೇಳಿದೆ. ಅವಳು ಒದ್ದೆ ಬೆಡ್‌ಶೀಟಿನ ಎರಡು ತುದಿ ಹಿಡಿದು ಕೊಡವಿದಳು.

"ಅಪ್ಪ ಹೇಳೋದು ಸುಳ್ಳಮ್ಮ. ನಾನು ಬಸ್ ಹತ್ತಿದ್ದೆ."

ನಾನು ಅವಳ ಮುಖ ನೋಡಿದೆ.

"ಹತ್ತಿ, ಜಾಗ ಹಿಡ್ಕೊಂಡು, ಬ್ಯಾಗ್ ಕಾಲ ಹತ್ರ ಇಟ್ಕೊಂಡಿದ್ದೆ. ಬಸ್ ಹೊರಟೂ ಬಿಡ್ತು. ತಿರುಗಿ ನೋಡ್ಬಾರ್ದು ಅಂದ್ಕೊಂಡಿದ್ದೆ, ನೋಡ್ದೆ. ಹಾಸ್ಟೆಲ್ ಕಿಟಕಿ ಹತ್ರ ಜಿನ್ಸಿ ಒಂದೇ ಕಾಲಲ್ಲಿ ನಿಂತ್ಕೊಂಡು ಕೈ ಬೀಸ್ತಿದ್ಲು."

ಬೆಡ್‌ಶೀಟನ್ನು ತಂತಿಯ ಮೇಲೆ ಹಾಕಿ ಸುಕ್ಕು ಬಿಡಿಸತೊಡಗಿದಳು. ಅದರ ಆಚೆಗೆ ಅವಳ ಮುಖ ಕಾಣಲಿಲ್ಲ, ದನಿ ಮಾತ್ರ ಬಂತು.

"ಅಳ್ತಾ ಇದ್ದಿದ್ರೆ ಹೋಗ್ಬಿಡ್ತಿದ್ದೆ ಅಮ್ಮ. ಅವ್ಳು ನಗ್ತಾ ಇದ್ಲು."